ನಾಲ್ಕು ವರ್ಷ ಬಳಸಿದ ಮೇಲೆ: ಫೆಟ್‌ನ ‘ಚಾರ್ಜಸ್ ಆ್ಯಂಡ್ ಫೀಲ್ಡ್ಸ್’

ಧಾರವಾಡದ ಸಪ್ತಾಪುರದಲ್ಲಿ ಸೆಕೆಂಡ್ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಟ್ಯೂಷನ್ ಹೇಳುತ್ತೇನೆ. ಮೊದಲ ಅಧ್ಯಾಯದಲ್ಲೇ ಅರ್ಧ ಕ್ಲಾಸು ಎಡವುವ ಜಾಗವೊಂದಿದೆ: ಎರಡು ಮೂರು ಚಾರ್ಜ್‌ಗಳಿದ್ದಾಗ ವಿದ್ಯುತ್ ಕ್ಷೇತ್ರ ಯಾವ ಕಡೆಗೆ? ಅದಕ್ಕೆಂದೇ ಕೊಲೊರಾಡೊ ವಿಶ್ವವಿದ್ಯಾಲಯದವರ ಫೆಟ್ ಜಾಲತಾಣದ ಈ ಸಿಮ್ಯುಲೇಷನ್ ಹಿಡಿದೆ. ದುಡ್ಡಿಲ್ಲ, ಮೊಬೈಲ್ ಬ್ರೌಸರ್‌ನಲ್ಲೇ ತೆರೆಯುತ್ತದೆ.

ಒಂದು ನ್ಯಾನೊಕೂಲಂಬಿನ ಕೆಂಪು ಧನ, ನೀಲಿ ಋಣ ಚಾರ್ಜ್‌ಗಳನ್ನು ಬೇಕಾದಲ್ಲಿ ಎಳೆದಿಡಬಹುದು. ಸೆನ್ಸರ್ ಇಟ್ಟಲ್ಲಿ ಕ್ಷೇತ್ರದ ಬಾಣ ಮೂಡುತ್ತದೆ: ಅಲ್ಲೊಂದು ಪುಟ್ಟ ಧನ ಚಾರ್ಜ್ ಇದ್ದರೆ ಅದರ ಮೇಲೆ ಎತ್ತ, ಎಷ್ಟು ಬಲ ಬೀಳುತ್ತದೆ ಅನ್ನುವುದರ ಗುರುತು. ಎರಡು ಮೀಟರ್ ಅಂತರದಲ್ಲಿ ಎರಡು ಧನ ಇಟ್ಟು ಸೆನ್ಸರನ್ನು ನಟ್ಟನಡುವೆ ತಂದೆ, ಬಾಣ ಮಾಯ. “ಸರ್, ಹಗ್ಗ ಜಗ್ಗಾಟದಾಗ ಇಬ್ರೂ ಸಮಾ ಆದಂಗ ಐತಿ” ಅಂದ ಹಾವೇರಿ ಕಡೆಯ ಹುಡುಗ. “ಜಗ್ಗೂದಲ್ಲೋ ತಮ್ಮಾ, ಎರಡೂ ದಬ್ಬಾಕತ್ತಾವ” ಅಂದು, ಬಲಗಡೆಯದನ್ನು ತೆಗೆದು ಋಣ ಇಟ್ಟೆ. ಬಾಣ ಋಣದ ಕಡೆ ಚಾಚಿತು, ಮೀಟರಿಗೆ ಸುಮಾರು 18 ವೋಲ್ಟ್. ಧನ ದಬ್ಬಿದ್ದು 9, ಋಣ ಜಗ್ಗಿದ್ದು 9, ಎರಡೂ ಒಂದೇ ದಿಕ್ಕಿಗೆ.

ನನ್ನ ಮೆಚ್ಚಿನ ಆಟ ಬೇರೆಯೇ. ನಾಲ್ಕು ಧನಗಳನ್ನು ಒಂದರ ಮೇಲೊಂದು ಪೇರಿಸಿ, ಒಂದು ಮೀಟರ್ ಬಲಕ್ಕೆ ಒಂದು ಋಣ ಇಡಿ. ಕ್ಷೇತ್ರ ಎಲ್ಲಿ ಸೊನ್ನೆ? ಎಲ್ಲರೂ ನಡುವೆಯೇ ತಡಕಾಡುತ್ತಾರೆ. ಅಲ್ಲಿ ಎರಡರ ಬಾಣವೂ ಒಂದೇ ಕಡೆ, ಸೊನ್ನೆಯ ಮಾತೇ ಇಲ್ಲ. ಋಣ ದಾಟಿ ಇನ್ನೊಂದು ಮೀಟರ್ ಹೋದರೆ ಸಿಗುತ್ತದೆ. ನಾಲ್ಕು ಪಟ್ಟು ಚಾರ್ಜ್, ಆದರೆ ಎರಡು ಪಟ್ಟು ದೂರ. ಕ್ಷೇತ್ರ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ; ಎರಡರ ವರ್ಗ ನಾಲ್ಕು, ಲೆಕ್ಕ ಚುಕ್ತಾ.

ಸೆನ್ಸರ್ ತೋರಿಸುವುದು ಮೊತ್ತದ ಬಾಣ ಮಾತ್ರ. ಯಾವ ಚಾರ್ಜ್‌ನದು ಎಷ್ಟು ಪಾಲು ಎಂದು ಬಿಡಿಸುವುದು ನಮ್ಮ ಕೆಲಸ. ಮೊದಲ ವರ್ಷ ನಾನು ಇದನ್ನು ಲೆಕ್ಕಕ್ಕೇ ತಗೊಳ್ಳದೆ ಪರದೆ ತೋರಿಸಿ ಹಿಗ್ಗಿದೆ; ಟೆಸ್ಟ್‌ನಲ್ಲಿ ತ್ರಿಕೋನದ ಲೆಕ್ಕ ಕೊಟ್ಟರೆ ಮಕ್ಕಳು ಒಂದು ಚಾರ್ಜ್‌ನಿಂದ ಇನ್ನೊಂದಕ್ಕೆ ಬಾಣ ಎಳೆದಿದ್ದರು! ಈಗ ಮೊದಲು ಹಾಳೆ, ಪೆನ್ಸಿಲ್. ಕೇಳಿದ ಬಿಂದುವಿನಲ್ಲಿ ಪುಟ್ಟ ಧನ ಚಾರ್ಜ್ ಕೂತಿದೆ ಅಂದುಕೊಂಡು, ಧನದಿಂದ ಆಚೆಗೆ, ಋಣದ ಕಡೆಗೆ, ಒಂದೊಂದಕ್ಕೆ ಒಂದೊಂದು ಬಾಣ. ಬಾಲಗಳೆಲ್ಲ ಆ ಬಿಂದುವಿನಲ್ಲೇ ಇರಬೇಕು. ಕೂಡಿಸಿದ ಮೇಲೆ ಸೆನ್ಸರ್ ಇಟ್ಟು ತಾಳೆ ನೋಡುವುದು.

ಗೋಡೆಯ ಮೇಲೆ ಬಿಡುವವರು ಪ್ರೊಜೆಕ್ಟರ್ ಮೋಡ್ ಹಾಕಿಕೊಳ್ಳಿ, ಕಪ್ಪು ಹಿನ್ನೆಲೆ ಬಿಳಿಯಾಗುತ್ತದೆ. ಮೊದಲೇ ಡೌನ್‌ಲೋಡ್ ಮಾಡಿಟ್ಟರೆ ನೆಟ್ ಇಲ್ಲದೆಯೂ ನಡೆಯುತ್ತದೆ. ನಮ್ಮ ಧಾರವಾಡದ ಜಿಟಿಜಿಟಿ ಮಳೆಯ ಸಂಜೆಗಳಿಗೆ ಅದು ಬೇಕೇ ಬೇಕು.