ಸಂತ ಅಂತೋಣಿಯವರ 12 ಇಂಚಿನ ಸ್ವರೂಪ: ಬಣ್ಣಕ್ಕಿಂತ ಬರಹದ ಮೇಲೆ ಕೋಪ

ಈ ಸ್ವರೂಪ, ಅಂದ್ರೆ ಪ್ರತಿಮೆ, ಆನ್‌ಲೈನಿನಲ್ಲಿ ತರಿಸಿದ್ದು, ರೆಸಿನ್‌ನದು. ಒಳ್ಳೆ ತೂಕ ಇದೆ, ಫ್ಯಾನ್ ಗಾಳಿಗೆ ಅಲ್ಲಾಡಲ್ಲ. ಕಂದು ನಿಲುವಂಗಿಯ ಬಣ್ಣ ಚೆನ್ನಾಗಿದೆ. ಸೊಂಟದ ಹಗ್ಗಕ್ಕೆ ಮೂರು ಗಂಟು ಕೂಡ ಹಾಕಿದ್ದಾರೆ, ಅಂದ್ರೆ ಮಾಡಿದವರಿಗೆ ಅಂತೋಣಿಯವರು ಸೇರಿದ್ದ ಫ್ರಾನ್ಸಿಸ್ಕನ್ ಸನ್ಯಾಸಿಗಳ ಉಡುಪು ಗೊತ್ತು. ಕೈಯಲ್ಲಿ ಪುಸ್ತಕವೂ ಇದೆ. ಅಗ್ಗದ ಸ್ವರೂಪಗಳಲ್ಲಿ ಎಷ್ಟೋ ಸಲ ಅದನ್ನೇ ಬಿಟ್ಟಿರುತ್ತಾರೆ. ಅವರ ಕೀರ್ತನೆಗಳ ಪುಸ್ತಕವನ್ನು ಮಠದ ಹುಡುಗನೊಬ್ಬ ಕದ್ದೊಯ್ದ, ಇವರು ಪ್ರಾರ್ಥಿಸಿದ ಮೇಲೆ ತಂದುಕೊಟ್ಟ ಅನ್ನೋ ಕಥೆಯಿಂದಲೇ ಅಲ್ವಾ ಏನು ಕಳೆದರೂ ಜನ ಅಂತೋಣಿಯವರನ್ನು ಕರೆಯೋದು?

ಬಾಲಯೇಸುವಿನ ಮುಖ ಮಾತ್ರ ಕೆಟ್ಟಿದೆ. ಒಂದು ಕಣ್ಣಿನ ಕಪ್ಪು ಕೆನ್ನೆಗೆ ಇಳಿದಿದೆ. ಲಿಲ್ಲಿ ಹೂವಿನ ಎಸಳು ಮುರಿದು ಬಂದಿತ್ತು, ಥರ್ಮಾಕೋಲ್ ಬುಡಕ್ಕಷ್ಟೇ ತುರುಕಿದ್ದರು. ಮಾರಿದವರಿಗೆ ಫೋಟೋ ಕಳಿಸಿದೆ, ಬದಲಾಯಿಸಿ ಕೊಡ್ತೀವಿ ಅಂದರು, ಆಮೇಲೆ ಸುದ್ದಿಯೇ ಇಲ್ಲ. ಕೊನೆಗೆ ಗಮ್ ಹಾಕಿ ನಾನೇ ಅಂಟಿಸಿದೆ. ಅಮ್ಮನ ಹತ್ರ ಗೊಣಗಿದರೆ, "ಬಣ್ಣ ನೋಡ್ಕೊಂಡು ಕೈ ಮುಗೀತೀಯೇನೋ?" ಅಂದರು.

ಅವರು ಹೇಳಿದ್ದು ಸರಿಯೇ. ಕೆ.ಆರ್.ನಗರದ ಹತ್ತಿರದ ಡೋರನಹಳ್ಳಿಯ ಕಥೆ ನೋಡಿ. ಹೊಲ ಉಳುವಾಗ ಸಿಕ್ಕಿದ ಮರದ ಸ್ವರೂಪವನ್ನು ರೈತ ಗೊಂಬೆ ಅಂದ್ಕೊಂಡು ಮಕ್ಕಳಿಗೆ ಆಡೋಕೆ ಕೊಟ್ಟನಂತೆ, ಆಮೇಲೆ ಕನಸಿನಲ್ಲಿ ಸನ್ಯಾಸಿಯೊಬ್ಬರು ಬಂದು ನನಗೊಂದು ಗುಡಿ ಕಟ್ಟು ಅಂದರಂತೆ. ಅಲ್ಲಿನ ಚರ್ಚ್ 2019ರಲ್ಲಿ ಬಸಿಲಿಕಾ ಆಯಿತು, ಅಂದ್ರೆ ಪೋಪ್ ಅದಕ್ಕೆ ವಿಶೇಷ ಸ್ಥಾನ ಕೊಟ್ಟರು. ಜೂನ್ 13ರ ಹಬ್ಬಕ್ಕೆ ಅಲ್ಲಿ ಹರಕೆ ತೀರಿಸೋಕೆ ಬರುವವರಲ್ಲಿ ಕ್ರೈಸ್ತರಲ್ಲದವರೂ ಜಾಸ್ತಿ. ಸ್ವರೂಪಕ್ಕೆ ಕೊಡುವ ಗೌರವ ಅದು ಯಾರದೋ ಅವರಿಗೆ ಸೇರುತ್ತದೆ ಅಂತ 787ರಲ್ಲಿ ನೈಸಿಯಾದಲ್ಲಿ ಸೇರಿದ್ದ ಕ್ರೈಸ್ತ ಧರ್ಮಾಧ್ಯಕ್ಷರ ಮಹಾಸಭೆಯೇ ಹೇಳಿದೆ. ಹಾಗಾಗಿ ಕಣ್ಣಿನ ಕಪ್ಪಿಗೆ ನಾನು ತೀರಾ ತಲೆ ಕೆಡಿಸಿಕೊಂಡಿಲ್ಲ.

ಕೋಪ ಬಂದದ್ದು ಡಬ್ಬದ ಮೇಲಿನ ಬರಹಕ್ಕೆ. "ಈಶಾನ್ಯದಲ್ಲಿಡಿ, ಕಳೆದ ವಸ್ತು, ಹಣ ವಾಪಸ್ ಗ್ಯಾರಂಟಿ." ಇದೇನು ಮೊಬೈಲ್ ಹುಡುಕೋ ಆ್ಯಪ್ ಅಂದ್ಕೊಂಡ್ರಾ? ನಾವು ಆರಾಧಿಸೋದು ದೇವರನ್ನು. ಸಂತರ ಹತ್ರ ಕೇಳೋದು ನಮಗಾಗಿ ಪ್ರಾರ್ಥಿಸಿ ಅಂತ ಅಷ್ಟೇ, ಮನೆಯ ಹಿರಿಯರನ್ನು ಕೇಳಿಕೊಂಡ ಹಾಗೆ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಚರ್ಚಿನಲ್ಲಿ ಅಂತೋಣಿಯವರಿಗೆ ಮಾಡುವ ಮಂಗಳವಾರದ ನವೇನ ಪ್ರಾರ್ಥನೆ ಒಂದೂ ಬಿಡಲಿಲ್ಲ ನಾನು. ಅಪ್ಪ ಉಳಿಯಲಿಲ್ಲ. ಆದರೂ ಮಂಗಳವಾರ ಹೋಗ್ತಾ ಇದ್ದೀನಿ, ಯಾಕಂದ್ರೆ ಆ ದಿನಗಳಲ್ಲಿ ನನ್ನ ಜೊತೆ ಯಾರೋ ಕೂತು ಕೇಳ್ತಾ ಇದ್ದಾರೆ ಅನ್ನೋದು ನನಗೆ ಗಟ್ಟಿಯಾಗಿ ಅನಿಸಿತ್ತು. ಇದಕ್ಕೆ ಯಾವ ಗ್ಯಾರಂಟಿ ಕಾರ್ಡ್ ಕೊಡ್ತಾರೆ ಇವರು? ಅಂತೋಣಿಯವರು ಹುಟ್ಟಿದ್ದು ಲಿಸ್ಬನ್, ತೀರಿಕೊಂಡದ್ದು 1231ರಲ್ಲಿ ಇಟಲಿಯ ಪಾದುವಾ ಹತ್ತಿರ, ವರ್ಷ ತುಂಬುವ ಮೊದಲೇ ಸಂತರೆಂದು ಘೋಷಣೆ. ಡಬ್ಬದ ಮೇಲೆ ಇಷ್ಟು ಬರೆದಿದ್ದರೂ ಸಾಕಿತ್ತು. ಅವರ ಹೆಸರಲ್ಲಿ ಬಡವರಿಗೆ ರೊಟ್ಟಿ ಹಂಚುವ ಪದ್ಧತಿಯನ್ನಾದರೂ ಹಾಕಬಹುದಿತ್ತು.

ಐದಕ್ಕೆ ಮೂರು ಸ್ಟಾರ್. ಅರ್ಧ ಪ್ಯಾಕಿಂಗಿಗೆ ಕಡಿತ, ಅರ್ಧ ಬಣ್ಣಕ್ಕೆ, ಪೂರ್ತಿ ಒಂದು ಆ ಬರಹಕ್ಕೆ. ಸಾಧ್ಯವಾದರೆ ಅಂಗಡಿಗೇ ಹೋಗಿ ಮುಖ ನೋಡಿ ಆರಿಸಿ. ಆನ್‌ಲೈನಲ್ಲೇ ತರಿಸೋದಾದರೆ ಡಬ್ಬ ಬಿಚ್ಚುವಾಗ ವಿಡಿಯೋ ಮಾಡಿಕೊಳ್ಳಿ, ಆಮೇಲೆ ಫಾದರ್ ಹತ್ರ ಆಶೀರ್ವಾದ ಮಾಡಿಸಿ ಇಡಿ. ಯಾವ ಮೂಲೆಯಾದರೂ ಆಗುತ್ತೆ, ನಮ್ಮ ಮನೆಯಲ್ಲಿ ಟಿವಿ ಪಕ್ಕ ಇದ್ದಾರೆ.