ಸೆಕೆಂಡ್ ಲೈಫ್‌ನಲ್ಲಿ ನಡೆಯೋದು: ಕೀಬೋರ್ಡಾ, ಮೌಸಾ?

2003ರಿಂದ ಇರುವ ಆನ್‌ಲೈನ್ 3ಡಿ ಲೋಕ ಸೆಕೆಂಡ್ ಲೈಫ್‌ಗೆ ಹೊಸಬರಾದರೆ ಕೀಬೋರ್ಡ್‌ನಿಂದಲೇ ಶುರು ಮಾಡಿ. ಬಾಣದ ಕೀಗಳಿಂದ ನಡಿಗೆ, ಪೇಜ್ ಅಪ್ ಒತ್ತಿ ಹಿಡಿದರೆ ಹಾರಾಟ. ಎಡ, ಬಲ ಬಾಣ ಒತ್ತಿದರೆ ಅವತಾರ್ (ಆ ಲೋಕದಲ್ಲಿ ನಿಮ್ಮ ಪಾತ್ರ) ಸರಿಯುವುದಿಲ್ಲ, ನಿಂತಲ್ಲೇ ತಿರುಗುತ್ತದೆ. ಪಕ್ಕಕ್ಕೆ ಸರಿಯಲು ಶಿಫ್ಟ್ ಜೊತೆಗೆ ಒತ್ತಬೇಕು. ಕಿರಿದಾದ ಮೆಟ್ಟಿಲು, ಬಾಗಿಲು ದಾಟಲು ಈ ಹಿಡಿತ ಬೇಕೇ ಬೇಕು. ಡಬ್ಲ್ಯೂ, ಎ, ಎಸ್, ಡಿ ಕೀಗಳೂ ಇವೆ, ಆದರೆ ಚಾಟ್ ತೆರೆದಿದ್ದರೆ ನಡಿಗೆಯ ಬದಲು ಅಕ್ಷರ ಮೂಡುತ್ತವೆ!

ಮೌಸ್ ಸುಲಭ, ಒಂದೇ ಕೈ ಸಾಕು. ನೆಲದ ಮೇಲೆ ಕ್ಲಿಕ್ ಮಾಡಿದರೆ ನಡೆದು ಹೋಗುವ ಆಯ್ಕೆ ಸೆಟ್ಟಿಂಗ್ಸ್ ಇರುವ ಪ್ರಿಫರೆನ್ಸಸ್‌ನಲ್ಲಿದೆ. ಆದರೆ ಅವತಾರ್ ಸುಮ್ನೆ ನೇರವಾಗಿ ಹೋಗುತ್ತದೆ, ಗೋಡೆ ಬಂದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬಯಲಿಗೆ ಸರಿ, ಮನೆಯೊಳಗೆ ಬೇಡ.