ಮೂರು ಮಳೆಗಾಲ ಕಂಡ ಹಿಕರಿ ಬಿಲ್ಲು: ಅರೆಸಿದ್ಧ ಪಟ್ಟಿಯ ಬಗ್ಗೆ ಬಳಕೆದಾರನ ವಿಮರ್ಶೆ

ಒರಟಾಗಿ ಆಕಾರ ಕೊಟ್ಟು ಮಾರುವ 72 ಇಂಚು ಉದ್ದದ ಹಿಕರಿ ಎಂಬ ಅಮೆರಿಕದ ಗಟ್ಟಿ ಮರದ ಪಟ್ಟಿಯೊಂದನ್ನು ನಾನು ಉಡುಪಿಗೆ ತರಿಸಿಕೊಂಡು ಮೂರು ವರ್ಷವಾಯಿತು. ಅದನ್ನು ಉದ್ದಬಿಲ್ಲಾಗಿ ಹದಗೊಳಿಸಿ, ಮೂರು ಮಳೆಗಾಲ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮುಕ್ಕಾಲು ಪಾಲು ಕೆಲಸ ಮುಗಿದಿದೆ ಎಂಬ ಮಾರಾಟಗಾರರ ಮಾತನ್ನು ಅಷ್ಟಾಗಿ ನಂಬುವಂತಿಲ್ಲ. ಎರಡೂ ತೋಳುಗಳು ಒಂದೇ ಹದದಲ್ಲಿ ಬಾಗುವಂತೆ ಬಿಲ್ಲಿನ ಹೊಟ್ಟೆಯ ಬದಿಯನ್ನು, ಅಂದರೆ ಎಳೆಯುವವನ ಕಡೆಗಿರುವ ಬದಿಯನ್ನು, ಹೆರೆಯುವ ಟಿಲ್ಲರಿಂಗ್ ಕೆಲಸವೇ ಬಿಲ್ಲಿನ ಜೀವಾಳ, ಮತ್ತು ಅದು ಅಷ್ಟೂ ಬಾಕಿಯಿತ್ತು. ಕೊಟ್ಟಿಗೆಯ ಕಂಬಕ್ಕೆ ಬಾವಿಯ ರಾಟೆ ಕಟ್ಟಿ ಹೆದೆಯನ್ನು ಹಗ್ಗದಿಂದ ಮೆಲ್ಲನೆ ಎಳೆದಾಗ, ಎಡತೋಳು ಹಿಡಿಯಿಂದ ಒಂದು ಗೇಣು ದೂರದಲ್ಲಿ ಮಾತ್ರ ಮಡಚಿಕೊಂಡು, ಉಳಿದ ಭಾಗ ಒನಕೆಯಂತೆ ಸೆಟೆದು ನಿಂತಿತ್ತು. ಮರದ ಬಿಗುವು ದಪ್ಪದ ಘನಕ್ಕೆ ಅನುಗುಣವಾಗಿರುವುದರಿಂದ, 12 ಮಿಲಿಮೀಟರ್ ದಪ್ಪವಿರುವಲ್ಲಿ ಅರ್ಧ ಮಿಲಿಮೀಟರ್ ಹೋದರೂ ಸುಮಾರು ಶೇ. 12ರಷ್ಟು ಬಿಗುವು ಹೋಗುತ್ತದೆ. ಆದ್ದರಿಂದ ಬಾಗುವ ಜಾಗವನ್ನು ಮುಟ್ಟದೆ, ಅದರ ಆಚೀಚೆ ಸ್ಕ್ರೇಪರ್‌ನಿಂದ ಹತ್ತು ಸಲ ಹೆರೆದು, ಮೂವತ್ತು ಸಲ ಅರ್ಧಕ್ಕೆ ಎಳೆದು, ಮತ್ತೆ ನೋಡುವುದು. ಹೀಗೆ ನಾಲ್ಕು ಭಾನುವಾರ ಹೋದವು. ಹೆದೆಯನ್ನು 28 ಇಂಚು ಎಳೆಯಲು 45 ಪೌಂಡ್ ಬಲ ಬೇಕಾಗುವ ಬಿಲ್ಲು ಬೇಕೆಂದು ಹೊರಟವನಿಗೆ 40 ದಕ್ಕಿತು. ಐದು ಪೌಂಡ್ ನನ್ನ ಅವಸರಕ್ಕೆ ತೆತ್ತ ದಂಡ.

ಮರದ ಬಗ್ಗೆ ದೂರಿಲ್ಲ. ಎಳೆಗಳು ತುದಿಯಿಂದ ತುದಿಗೆ ನೇರವಾಗಿವೆ, ಗುರಿಯ ಕಡೆಗಿರುವ ಬೆನ್ನಿನ ಮೇಲೆ ಇವತ್ತಿಗೂ ಒಂದು ಸಿಬಿರು ಎದ್ದಿಲ್ಲ.

ತೊಂದರೆಯೆಲ್ಲ ತೇವದ್ದು. ಹಿಕರಿ ಬಿಲ್ಲಿಗೆ ಶೇ. 8ರ ಆಸುಪಾಸಿನ ತೇವಾಂಶ ಹಿತ. ನಮ್ಮ ಕರಾವಳಿಯ ಜುಲೈ ಗಾಳಿಯಲ್ಲಿ ಬಿಟ್ಟರೆ ಅದು ಅದರ ಎರಡರಷ್ಟಾಗುತ್ತದೆ. ವಾರ್ನಿಷ್ ಬಳಿದರೆ ತೇವ ನಿಧಾನವಾಗಿ ಹೊಗುತ್ತದೆ, ಆದರೆ ಹೊಗದೆ ಬಿಡುವುದಿಲ್ಲ. ಮೊದಲ ಆಟಿಯಲ್ಲಿ (ಜುಲೈ-ಆಗಸ್ಟ್‌ನ ತುಳು ತಿಂಗಳು) ಚಾವಡಿಯ ಗೋಡೆಗೆ ತೂಗುಹಾಕಿ, ಮಳೆ ಬಿಟ್ಟಾಗಲೆಲ್ಲ ಬಾಣ ಬಿಡುತ್ತಿದ್ದೆ. ತಿಂಗಳೊಳಗೆ ಬಲ 35 ಪೌಂಡಿಗೆ ಇಳಿಯಿತು. ಹೆದೆ ಇಳಿಸಿದರೂ ತೋಳುಗಳು ಎರಡು ಇಂಚಿನಷ್ಟು ಬಾಗಿಯೇ ನಿಂತವು. ಮರುವರ್ಷದಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಲ್ಲನ್ನು ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ, ಕೊಬ್ಬರಿಯ ಪಕ್ಕದಲ್ಲಿ ಮಲಗಿಸುತ್ತಿದ್ದೇನೆ. ಬಲ 39ಕ್ಕೆ ಮರಳಿತು, ಬಾಗು ಮಾತ್ರ ಮರಳಲಿಲ್ಲ.

ಮಂಗಳೂರು, ಉಡುಪಿ ಕಡೆಯವರು ಈ ಪಟ್ಟಿಯನ್ನು ಧಾರಾಳವಾಗಿ ಕೊಳ್ಳಬಹುದು, ಆದರೆ ಡಿಸೆಂಬರ್‌ನಲ್ಲಿ ತರಿಸಿಕೊಂಡು ಮಾರ್ಚ್ ಒಳಗೆ ಹೆರೆದು ಮುಗಿಸಿ. ನನ್ನದು ಬಂದದ್ದು ಜೂನ್ ಎರಡನೇ ವಾರ, ನೆನೆದ ರಟ್ಟಿನ ಪೆಟ್ಟಿಗೆಯಲ್ಲಿ.